ಒಂದೇ ಬಿಲ್ಲೆ, ಎರಡು ಕ್ರಾಂತಿ ತಾಪ: ಸೂಪರ್‌ಕಂಡಕ್ಟರಿಗೆ ಅಂಟಿಕೊಂಡ ಪರಿಸರದ ಲೆಕ್ಕ

ಮಲೆನಾಡಿನಲ್ಲಿ ದ್ರವ ಸಾರಜನಕ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಪಶು ಆಸ್ಪತ್ರೆಯ ಮೂಲೆಯಲ್ಲಿರುವ ಸಣ್ಣ ಕುತ್ತಿಗೆಯ ಅಲ್ಯೂಮಿನಿಯಂ ಕ್ಯಾನು. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳು ಅದರೊಳಗೆ ತಣ್ಣಗೆ ಕೂತಿರುತ್ತವೆ. ಅಂಥ ಎರಡು ಲೀಟರ್ ದ್ರವ ಮತ್ತು ಒಂದು ಕಪ್ಪು ಬಿಲ್ಲೆ ಇದ್ದರೆ ಶಿವಮೊಗ್ಗದ ಯಾವ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಾದರೂ ಸೂಪರ್‌ಕಂಡಕ್ಟರ್ ಪ್ರಯೋಗ ಮಾಡಬಹುದು. ಬಿಲ್ಲೆ ಯಿಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ವೈಬಿಸಿಒ. ಅದರ ವಿದ್ಯುತ್ ರೋಧ ಸೊನ್ನೆಗೆ ಇಳಿಯುವ ಕ್ರಾಂತಿ ತಾಪ ಪಠ್ಯದ ಪ್ರಕಾರ ಸುಮಾರು 92 ಕೆಲ್ವಿನ್. ಅದೇ ಬಿಲ್ಲೆಯನ್ನು ಇಟ್ಟುಕೊಂಡು ಒಂದು ಬ್ಯಾಚು ರೆಕಾರ್ಡಿನಲ್ಲಿ 91 ಎಂದು ಬರೆದರೆ ಇನ್ನೊಂದು ಬ್ಯಾಚು 87 ಎಂದು ಬರೆಯುತ್ತದೆ. ಎರಡನೆಯವರ ಪುಟಕ್ಕೆ ಕೆಂಪು ಗೆರೆ ಬೀಳುತ್ತದೆ. ಅವರು ಅಳೆದದ್ದರಲ್ಲಿ ತಪ್ಪೇ ಇಲ್ಲದಿರಬಹುದು.

ಕ್ರಾಂತಿ ತಾಪವನ್ನು ವಸ್ತುವಿನ ಹುಟ್ಟುಗುಣ ಎಂದು ಕಲಿಸುವುದು ರೂಢಿ. ಮೀಟರಿಗೆ ಸಿಗುವುದು ಮಾತ್ರ ವಸ್ತು, ಅದಕ್ಕೆ ಅಂಟಿಕೊಂಡ ತಂತಿ ಮತ್ತು ತಳಪಾಯ, ಅದರ ಮೇಲೆ ಹರಿಸಿದ ಕರೆಂಟು ಅಥವಾ ಬೀಳಿಸಿದ ಅಲೆ, ಈ ಮೂರರ ಒಟ್ಟು ಮೊತ್ತ. ಕಾಲೇಜಿನ ಬಿಲ್ಲೆಯಲ್ಲಿ ಇದರ ಬೆಲೆ ನಾಲ್ಕು ಕೆಲ್ವಿನ್. ಸಾವಿರದಲ್ಲೊಂದು ಮಿಲಿಮೀಟರಿಗಿಂತ ಚಿಕ್ಕ ಜೋಡಣೆಗೆ ಬಂದರೆ, ಸುತ್ತಲಿನ ಪರಿಸರ ಅದು ಸೂಪರ್‌ಕಂಡಕ್ಟರೋ ಇನ್ಸುಲೇಟರೋ ಎಂಬುದನ್ನೇ ತೀರ್ಮಾನಿಸಬಲ್ಲದು. 2025ರ ಭೌತಶಾಸ್ತ್ರ ನೊಬೆಲ್ ಪಡೆದ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಅವರ 1984-85ರ ಪ್ರಯೋಗಗಳ ಅರ್ಧ ಜಾಣ್ಮೆ ಇದ್ದದ್ದೂ ತಂತಿಗಳ ಮೂಲಕ ಇಳಿದು ಬರುವ ಗದ್ದಲವನ್ನು, ಅಂದರೆ ಬೇಡದ ವಿದ್ಯುತ್ ಏರಿಳಿತವನ್ನು, ತಡೆಯುವುದರಲ್ಲಿ. ಭಾರತ ಸರ್ಕಾರ 2023ರ ಏಪ್ರಿಲ್‌ನಲ್ಲಿ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಎಂಟು ವರ್ಷದಲ್ಲಿ 50ರಿಂದ 1000 ಕ್ಯೂಬಿಟ್‌ವರೆಗಿನ ಯಂತ್ರಗಳು ಅದರ ಗುರಿಗಳಲ್ಲೊಂದು; ಕ್ಯೂಬಿಟ್ ಎಂದರೆ ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕ. ಆ ಯಂತ್ರಗಳ ಒಂದು ಮುಖ್ಯ ಬಗೆ ಸೂಪರ್‌ಕಂಡಕ್ಟರಿನದು. ಚಿಪ್ಪಿನ ಬಗ್ಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತದೆ, ಚಿಪ್ಪಿಗೆ ಹೋಗುವ ತಂತಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಮೊದಲು ಬಿಲ್ಲೆಯನ್ನೇ ಹತ್ತಿರದಿಂದ ನೋಡೋಣ. ಅಡ್ಡಕೊಯ್ತ 2 ಮಿಲಿಮೀಟರ್‌ಗೆ 3 ಮಿಲಿಮೀಟರ್ ಇರುವ ತುಂಡು, ಹೊರಗಿನ ಎರಡು ತಂತಿ ಕರೆಂಟಿಗೆ, ಒಳಗಿನ ಎರಡು ವೋಲ್ಟೇಜ್ ತಂತಿಗಳ ನಡುವೆ ಅರ್ಧ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕ್ರಾಂತಿ ತಾಪಕ್ಕಿಂತ ಸ್ವಲ್ಪ ಮೇಲೆ ಅದರ ರೋಧ ಸುಮಾರು 8 ಮಿಲಿಓಮ್. ಒಂದು ಮಿಲಿಆಂಪಿಯರ್ ಹರಿಸಿದರೆ ಸಿಗುವುದು 8 ಮೈಕ್ರೊವೋಲ್ಟ್. ಸಾಮಾನ್ಯ ಡಿಜಿಟಲ್ ಮೀಟರಿನ ಕೊನೆಯ ಅಂಕಿಯೇ ಒಂದು ಅಥವಾ ಹತ್ತು ಮೈಕ್ರೊವೋಲ್ಟ್ ಆಗಿರುವಾಗ ಇಲ್ಲಿ ಕಾಣುವುದೇನೂ ಇಲ್ಲ. ಹಾಗಾಗಿ ಹುಡುಗರು ಕರೆಂಟನ್ನು 100 ಮಿಲಿಆಂಪಿಯರ್‌ಗೆ ಏರಿಸುತ್ತಾರೆ. ಸಂಕೇತ 800 ಮೈಕ್ರೊವೋಲ್ಟ್ ಆಗುತ್ತದೆ, ಗ್ರಾಫ್ ಚೆಂದ ಬರುತ್ತದೆ, ಕ್ರಾಂತಿ ತಾಪ ಮಾತ್ರ ಕೆಳಗೆ ಜಾರುತ್ತದೆ.

ಜಾರುವುದಕ್ಕೆ ಕಾರಣ ಎರಡು, ಎರಡನ್ನೂ ಬೇರೆ ಮಾಡಿಯೇ ನೋಡಬೇಕು. ಬೆಳ್ಳಿ ಪೇಂಟಿನ ಬೆಸುಗೆಯಲ್ಲಿ ಒಂದು ಓಮ್ ರೋಧವಿದ್ದರೆ 100 ಮಿಲಿಆಂಪಿಯರ್‌ಗೆ ಅಲ್ಲಿ 10 ಮಿಲಿವ್ಯಾಟ್ ಬಿಸಿ ಹುಟ್ಟುತ್ತದೆ. ಒಂದು ಮಿಲಿಆಂಪಿಯರ್‌ಗೆ ಅದರ ಹತ್ತು ಸಾವಿರದ ಒಂದು ಭಾಗ. ಥರ್ಮಾಮೀಟರ್ ತಾಮ್ರದ ಗಟ್ಟಿಯಲ್ಲಿ ಕೂತು ಒಂದು ತಾಪ ಹೇಳುತ್ತಿರುತ್ತದೆ, ಬಿಲ್ಲೆ ಅದಕ್ಕಿಂತ ಬಿಸಿಯಾಗಿರುತ್ತದೆ. ಇದು ಬರೀ ಅಳತೆಯ ತಪ್ಪು. ಎರಡನೆಯ ಕಾರಣ ಮಾತ್ರ ನಿಜವಾದ ಭೌತಶಾಸ್ತ್ರ. ಸುಟ್ಟು ಮಾಡಿದ ಬಿಲ್ಲೆ ಒಂದೇ ಹರಳಲ್ಲ, ಕೋಸಂಬರಿಯ ಬೇಳೆಯಂತೆ ಒತ್ತೊತ್ತಾಗಿ ಕೂತ ಲಕ್ಷಾಂತರ ಕಾಳುಗಳು. ಪ್ರತಿ ಕಾಳೂ 92ರ ಹತ್ತಿರವೇ ಸೂಪರ್‌ಕಂಡಕ್ಟರ್ ಆಗುತ್ತದೆ. ಕಾಳಿನಿಂದ ಕಾಳಿಗೆ ಕರೆಂಟು ದಾಟುವ ಗಡಿ ತೆಳ್ಳಗೆ, ದುರ್ಬಲ. ಅಂಥ ದುರ್ಬಲ ಕೊಂಡಿಗೆ ಜೋಸೆಫ್ಸನ್ ಜೋಡಣೆ ಎಂದು ಹೆಸರು. 1962ರಲ್ಲಿ ಬ್ರಯನ್ ಜೋಸೆಫ್ಸನ್ ಅದನ್ನು ಲೆಕ್ಕದಲ್ಲೇ ಕಂಡರು. ಕ್ರಾಂತಿ ತಾಪದ ಹತ್ತಿರ ಆ ಕೊಂಡಿಗಳು ಹೊರಬಲ್ಲ ಕರೆಂಟು ಎಷ್ಟು ಕಡಿಮೆ ಎಂದರೆ, ಚದರ ಸೆಂಟಿಮೀಟರಿಗೆ ಒಂದೆರಡು ಆಂಪಿಯರ್ ಹರಿದರೂ ಕೊಂಡಿ ಬಿಟ್ಟುಕೊಳ್ಳುತ್ತದೆ. ನಮ್ಮ 100 ಮಿಲಿಆಂಪಿಯರ್ ಈ ತುಂಡಿನಲ್ಲಿ ಚದರ ಸೆಂಟಿಮೀಟರಿಗೆ 1.7 ಆಂಪಿಯರ್ ಆಗುತ್ತದೆ. ಆದ್ದರಿಂದಲೇ ಒಳ್ಳೆಯ ಗ್ರಾಫಿನಲ್ಲಿ ರೋಧ ಎರಡು ಮೆಟ್ಟಿಲಲ್ಲಿ ಇಳಿಯುತ್ತದೆ. ಮೊದಲ ಕಡಿದಾದ ಇಳಿತ ಕಾಳಿನದು, ಕೆಳಗಿನ ಬಾಲ ಕೊಂಡಿಯದು. ಕರೆಂಟು ಹೆಚ್ಚಿಸಿದಂತೆ ಬಾಲ ಉದ್ದವಾಗುತ್ತದೆ, ಮೇಲಿನ ಇಳಿತ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಬಿಸಿಯ ತಪ್ಪಾಗಿದ್ದರೆ ಎರಡೂ ಒಟ್ಟಿಗೆ ಸರಿಯುತ್ತವೆ. 1, 10, 100 ಮಿಲಿಆಂಪಿಯರ್‌ಗಳಲ್ಲಿ ಮೂರು ಗೆರೆ ಎಳೆದು ಒಂದರ ಮೇಲೊಂದು ಇಟ್ಟರೆ ಯಾವುದು ಯಾವುದೆಂದು ತಿಳಿಯುತ್ತದೆ.

ಕರೆಂಟನ್ನು 10ಕ್ಕೆ ನಿಲ್ಲಿಸಿ, ವೋಲ್ಟೇಜನ್ನು ಸಾವಿರ ಪಟ್ಟಿನ ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರಿನಲ್ಲಿ ಏರಿಸಿ, ಪ್ರತಿ ತಾಪದಲ್ಲೂ ಕರೆಂಟಿನ ದಿಕ್ಕು ತಿರುಗಿಸಿ ಎರಡು ಓದು ತೆಗೆದುಕೊಳ್ಳಿ. ಅವುಗಳ ವ್ಯತ್ಯಾಸದ ಅರ್ಧವೇ ನಿಜವಾದ ಸಂಕೇತ. ತಂತಿಯ ಬೆಸುಗೆಗಳಲ್ಲಿ ತಾಪದ ಏರುಪೇರಿನಿಂದ ಹುಟ್ಟುವ ಕೆಲವು ಮೈಕ್ರೊವೋಲ್ಟ್ ಹೀಗೆ ಕಳೆದುಹೋಗುತ್ತದೆ. ತಾಪ ಅಳೆಯುವ ಪ್ಲಾಟಿನಂ ನೂರು ಓಮಿನ ಸೆನ್ಸರ್ 77 ಕೆಲ್ವಿನ್‌ನಲ್ಲಿ ಸುಮಾರು 20 ಓಮ್ ತೋರಿಸುತ್ತದೆ, ಕೆಲ್ವಿನ್‌ಗೆ 0.43 ಓಮ್ ಬದಲಾಗುತ್ತದೆ. ನಿಮಿಷಕ್ಕೆ ಒಂದು ಕೆಲ್ವಿನ್‌ಗಿಂತ ಬೇಗ ತಣಿಸಬೇಡಿ. ತಣಿಯುವಾಗಿನ ಗೆರೆ ಮತ್ತು ಬಿಸಿಯಾಗುವಾಗಿನ ಗೆರೆ ಕೂಡದಿದ್ದರೆ ಸೆನ್ಸರು ಬಿಲ್ಲೆಗಿಂತ ಹಿಂದೆ ಉಳಿದಿದೆ ಎಂದರ್ಥ. ಇನ್ನೊಂದು ಮೋಸವೂ ಇದೆ. ತಣಿಯುವಾಗ ಬಿಲ್ಲೆ ಸೀಳಿದರೆ ಕರೆಂಟು ಬೇರೆ ದಾರಿ ಹಿಡಿದು ವೋಲ್ಟೇಜ್ ತಂತಿಗಳ ನಡುವೆ ಸೊನ್ನೆ ಬಂದುಬಿಡುತ್ತದೆ. ಅದು ಸೂಪರ್‌ಕಂಡಕ್ಟರ್ ಅಲ್ಲ, ಒಡೆದ ಬಿಲ್ಲೆ. ವೋಲ್ಟೇಜ್ ಮತ್ತು ಕರೆಂಟು ತಂತಿಗಳನ್ನು ಅದಲುಬದಲು ಮಾಡಿ ನೋಡಿದರೆ ಬಯಲಾಗುತ್ತದೆ.

ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಸುಮಾರು 95 ಕಿಲೊಪ್ಯಾಸ್ಕಲ್ ಇರುವ ಇಲ್ಲಿ ಸಾರಜನಕ ಕುದಿಯುವುದು 77.4ರಲ್ಲಿ ಅಲ್ಲ, 76.8 ಕೆಲ್ವಿನ್ ಆಸುಪಾಸಿನಲ್ಲಿ. ಪುಸ್ತಕದ ಅಂಕಿಗೆ ಥರ್ಮಾಮೀಟರನ್ನು ಕೂಡಿಸಿದರೆ ಅಲ್ಲೇ ಅರ್ಧ ಕೆಲ್ವಿನ್ ತಪ್ಪುತ್ತದೆ.

ನಮ್ಮ ಕಡೆಯ ಲ್ಯಾಬುಗಳ ನಿಜವಾದ ಕಾಟ ಬೇರೆ. ವೋಲ್ಟೇಜ್ ಏರಿಳಿತಕ್ಕೆ ಹೆದರಿ ಮೇಜಿನ ಪಕ್ಕದಲ್ಲೇ ದೊಡ್ಡ ಸ್ಟೆಬಿಲೈಸರ್ ಇಟ್ಟಿರುತ್ತಾರೆ. ಅದರ ಟ್ರಾನ್ಸ್‌ಫಾರ್ಮರಿನಿಂದ ಸೋರುವ 50 ಹರ್ಟ್ಸ್ ಕಾಂತಕ್ಷೇತ್ರ ಒಂದು ಮಿಲಿಟೆಸ್ಲಾ ಮುಟ್ಟಿದರೂ ಕಾಳುಗಳ ನಡುವಿನ ಕೊಂಡಿ ಸಡಿಲವಾಗುತ್ತದೆ. ಕಂಪ್ಯೂಟರು ಒಂದು ಸಾಕೆಟ್ಟಿನಲ್ಲಿ, ಮೀಟರು ಇನ್ನೊಂದರಲ್ಲಿ ಇದ್ದರೆ ಎರಡು ಅರ್ಥಿಂಗ್‌ಗಳ ನಡುವಿನ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಕೇಬಲಿನ ಹೊರಕವಚದಲ್ಲಿ ಮಿಲಿಆಂಪಿಯರ್‌ಗಟ್ಟಲೆ ಕರೆಂಟು ಸುತ್ತಿಸುತ್ತದೆ. ಡಿಸಿ ಮೀಟರು 20 ಮಿಲಿಸೆಕೆಂಡಿನ ಸರಾಸರಿ ತೆಗೆಯುವುದರಿಂದ ಅದರ ಕಣ್ಣಿಗೆ ಈ ಅಲೆ ಬೀಳುವುದೇ ಇಲ್ಲ. ಬಿಲ್ಲೆಗೆ ಮಾತ್ರ ಪ್ರತಿ ಅಲೆಯೂ ತಟ್ಟುತ್ತದೆ, ಗೆರೆಯ ಮೂಲೆ ಗುಂಡಗಾಗುತ್ತದೆ. ಸ್ಟೆಬಿಲೈಸರನ್ನು ಒಂದೂವರೆ ಮೀಟರ್ ದೂರ ತಳ್ಳಿ, ಎಲ್ಲ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ತನ್ನಿ, ಮೊಬೈಲನ್ನು ಕೋಣೆಯ ಹೊರಗಿಡಿ. ಅರ್ಧ ಗಂಟೆಯ ಕೆಲಸ.

ಈಗ ಕೊಂಡಿಯೊಳಗೆ ಇಳಿಯೋಣ. ಸೂಪರ್‌ಕಂಡಕ್ಟರಿನಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಒಂದೇ ಅಲೆಯಂತೆ ನಡೆಯುತ್ತವೆ. ಆ ಅಲೆಗೊಂದು ಫೇಸ್ ಇದೆ. ತೋಟದ ಪಂಪ್‌ಸೆಟ್ಟಿಗೆ ಮೂರು ಫೇಸ್ ಬಂತೋ ಇಲ್ಲವೋ ಎಂದು ಕೇಳುವಾಗಿನ ಫೇಸ್‌ನ ಅರ್ಥವೇ, ಅಲೆ ಈ ಕ್ಷಣ ಯಾವ ಘಟ್ಟದಲ್ಲಿದೆ ಎಂಬುದು. ಕೊಂಡಿಯ ಎರಡು ಬದಿಯ ಫೇಸ್ ವ್ಯತ್ಯಾಸ ನಿಂತಲ್ಲೇ ನಿಂತಿದ್ದರೆ ವೋಲ್ಟೇಜ್ ಸೊನ್ನೆ. ಅದು ಸರಿಯತೊಡಗಿದರೆ ವೋಲ್ಟೇಜ್ ಹುಟ್ಟಿತು, ರೋಧ ಬಂತು. ಹಾಗಾಗಿ ಸೂಪರ್‌ಕಂಡಕ್ಟರ್ ಹೌದೋ ಅಲ್ಲವೋ ಎಂಬ ಪ್ರಶ್ನೆ ಕೊನೆಗೆ ಫೇಸ್ ನಿಲ್ಲುತ್ತದೋ ಜಾರುತ್ತದೋ ಎಂಬಲ್ಲಿಗೆ ಬಂದು ಮುಟ್ಟುತ್ತದೆ.

ತೀರ್ಥಹಳ್ಳಿ, ಹೊಸನಗರದ ಕಡೆ ಗುಡ್ಡದ ಇಳಿಜಾರಿನ ಮಕ್ಕಿ ಗದ್ದೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಪ್ರತಿ ಮೆಟ್ಟಿಲಿಗೂ ಒಂದು ಬದು. ಮೇಲಿನ ಗದ್ದೆಯಲ್ಲೊಂದು ತೆಂಗಿನಕಾಯಿ. ಇಳಿಜಾರು ಎಂದರೆ ನಾವು ಹರಿಸುವ ಕರೆಂಟು, ಕಾಯಿಯ ಜಾಗವೇ ಫೇಸ್. ಬದುವಿನ ಹಿಂದೆ ಕಾಯಿ ನಿಂತಿದ್ದರೆ ಸೂಪರ್‌ಕಂಡಕ್ಟರ್. ಅದನ್ನು ಬದು ದಾಟಿಸುವ ದಾರಿ ಮೂರು. ತಾಪದಿಂದ ಬರುವ ಅಲುಗಾಟ, ಹೊರಗಿನಿಂದ ಯಾರಾದರೂ ಕೊಡುವ ತಳ್ಳು, ಬದುವಿನ ಒಳಗೇ ನುಸುಳಿ ಹೋಗುವ ಕ್ವಾಂಟಮ್ ಸುರಂಗ. ಗದ್ದೆಯಲ್ಲಿ ಕೆಸರು ತುಂಬಿದ್ದರೆ ಈ ಮೂರೂ ಕಷ್ಟವಾಗುತ್ತವೆ. ಆ ಕೆಸರೇ ಪರಿಸರ, ಅಂದರೆ ಕೊಂಡಿಗೆ ಪಕ್ಕದಲ್ಲಿ ಜೋಡಿಸಿದ ರೋಧ; ಆ ರೋಧ ಕಡಿಮೆಯಾದಷ್ಟೂ ಕೆಸರು ಹೆಚ್ಚು. 1981ರಲ್ಲಿ ಕಾಲ್ಡೆರಾ ಮತ್ತು ಲೆಗೆಟ್ ತೋರಿಸಿದ್ದು ಇದನ್ನೇ: ಘರ್ಷಣೆ ಹೆಚ್ಚಾದಷ್ಟೂ ಕ್ವಾಂಟಮ್ ಸುರಂಗ ಮುಚ್ಚುತ್ತ ಬರುತ್ತದೆ. ಶಕ್ತಿ ಸೋರಿಸುವ ವಸ್ತುವನ್ನು ಪಕ್ಕಕ್ಕೆ ಕಟ್ಟಿದರೆ ಸೂಪರ್‌ಕಂಡಕ್ಟರ್ ಗಟ್ಟಿಯಾಗುತ್ತದೆ ಎಂಬ ವಿಚಿತ್ರ ಇಲ್ಲಿಂದ ಹುಟ್ಟುತ್ತದೆ. ಉಪಮೆಗೆ ಒಂದು ಮಿತಿಯಿದೆ. ನಿಜವಾದ ಕೆಸರು ಕಾಯಿಯನ್ನು ಸುಮ್ಮನೆ ಹಿಡಿದಿಡುತ್ತದೆ, ವಿದ್ಯುತ್ ರೋಧ ಹಿಡಿಯುವುದರ ಜೊತೆಗೆ ತನ್ನ ತಾಪಕ್ಕೆ ತಕ್ಕ ಗದ್ದಲವನ್ನೂ ಒಳಕ್ಕೆ ಕಳಿಸುತ್ತದೆ. ಕೆಸರು ತಣ್ಣಗಿದ್ದರೆ ಮಾತ್ರ ಉಪಕಾರ.

ಕೆಸರು ಎಷ್ಟಿದ್ದರೆ ಸಾಕು? 1983ರಲ್ಲಿ ಶ್ಮಿಡ್, 1984ರಲ್ಲಿ ಬುಲ್ಗಡೇವ್ ಬೇರೆ ಬೇರೆಯಾಗಿ ಮಾಡಿದ ಲೆಕ್ಕದ ಉತ್ತರ ಒಂದೇ ಸಂಖ್ಯೆ. ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನ್ ವಿದ್ಯುದಂಶದ ವರ್ಗದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಬರುವ 6453 ಓಮ್. ಜೋಡಣೆಗೆ ಕಟ್ಟಿದ ರೋಧ ಇದಕ್ಕಿಂತ ಕಡಿಮೆಯಾದರೆ ಸೊನ್ನೆ ತಾಪದಲ್ಲಿ ಫೇಸ್ ನಿಲ್ಲುತ್ತದೆ, ಜೋಡಣೆ ಸೂಪರ್‌ಕಂಡಕ್ಟರ್. ಹೆಚ್ಚಾದರೆ ಫೇಸ್ ಹರಡಿ, ವಿದ್ಯುದಂಶ ಬದಲಿಗೆ ನಿಂತು, ಅದೇ ಜೋಡಣೆ ಇನ್ಸುಲೇಟರ್. ಜೋಡಣೆಯ ಎರಡು ಬದಿಯ ಅಲ್ಯೂಮಿನಿಯಮ್ಮನ್ನೂ ಮುಟ್ಟಲಿಲ್ಲ, ನಡುವಿನ ಆಕ್ಸೈಡ್ ಪದರವನ್ನೂ ಮುಟ್ಟಲಿಲ್ಲ; ಪಕ್ಕದ ರೆಸಿಸ್ಟರ್ ಬದಲಾಯಿಸಿದ್ದಕ್ಕೆ ಸ್ಥಿತ್ಯಂತರ.

ಇದನ್ನು ಮಾಡಿ ನೋಡುವುದು ಕಷ್ಟ. ಗಿಗಾಹರ್ಟ್ಸ್ ಆವರ್ತನದಲ್ಲಿ ಯಾವ ತಂತಿಯನ್ನೇ ಜೋಡಿಸಿದರೂ ಅದು 50ರಿಂದ ಒಂದೆರಡು ನೂರು ಓಮಿನಂತೆ ವರ್ತಿಸುತ್ತದೆ. ಖಾಲಿ ಜಾಗದ ಇಂಪೀಡೆನ್ಸೇ 377 ಓಮ್. ಮೀಟರಿನ ಬಳಿ ಹತ್ತು ಕಿಲೊಓಮ್ ರೆಸಿಸ್ಟರ್ ಕಟ್ಟಿದರೆ ಜೋಡಣೆಗೆ ಅದು ಗೊತ್ತಾಗುವುದೇ ಇಲ್ಲ, ನಡುವಿನ ತಂತಿಯೇ ಅದರ ಪರಿಸರ. ತೆಳು ಲೋಹದ ರೆಸಿಸ್ಟರನ್ನು ಜೋಡಣೆಯಿಂದ ಕೆಲವೇ ಮೈಕ್ರೊಮೀಟರ್ ದೂರದಲ್ಲಿ, ಅದೇ ಚಿಪ್ಪಿನ ಮೇಲೆ ಎಳೆಯಬೇಕು. ಜೋಡಣೆಯೂ 0.1 ಮೈಕ್ರೊಮೀಟರ್ ಚೌಕದಷ್ಟು ಚಿಕ್ಕದಿರಬೇಕು. ಆಗ ಅದರ ಕೆಪಾಸಿಟನ್ಸ್ ಅರ್ಧ ಫೆಮ್ಟೊಫ್ಯಾರಡ್, ಒಂದೊಂದೇ ವಿದ್ಯುದಂಶ ಸೇರಿಸಲು ಬೇಕಾದ ಶಕ್ತಿ ಸುಮಾರು 2 ಕೆಲ್ವಿನ್‌ಗೆ ಸಮ. ಅದಕ್ಕಿಂತ ಹತ್ತಾರು ಪಟ್ಟು ತಣ್ಣಗೆ, 0.05 ಕೆಲ್ವಿನ್ ಆಸುಪಾಸಿನಲ್ಲಿ ಅಳತೆ. 1999ರಲ್ಲಿ ಹೆಲ್ಸಿಂಕಿಯ ಗುಂಪು ಈ ಬದಲಾವಣೆ ಕಂಡಿದೆ ಎಂದಿತು. 2020ರಲ್ಲಿ ಫ್ರಾನ್ಸಿನ ಸಾಕ್ಲೆ ಗುಂಪು ತಮ್ಮ ಜೋಡಣೆಗಳಲ್ಲಿ ಇನ್ಸುಲೇಟರ್ ಸ್ಥಿತಿಯೇ ಇಲ್ಲ ಎಂದು ವಾದಿಸಿತು. 2023ರಲ್ಲಿ ಮೇರಿಲ್ಯಾಂಡಿನ ಮನುಚಾರ್ಯನ್ ಅವರ ಗುಂಪು ರೆಸಿಸ್ಟರ್ ಬದಲಿಗೆ ಸಾವಿರಾರು ಜೋಡಣೆಗಳ ಉದ್ದನೆಯ ಸರಪಳಿಯನ್ನೇ ಪರಿಸರವಾಗಿಟ್ಟು, ಮೈಕ್ರೊವೇವ್ ಕಳಿಸಿ ನೋಡಿ, ಸ್ಥಿತ್ಯಂತರ ಇದೆ ಎಂದಿತು. ಜಗಳ ಮುಗಿದಿಲ್ಲ. ಎರಡೂ ಕಡೆಯವರು ಒಂದೇ ವಸ್ತುವನ್ನು ಒಂದೇ ಪ್ರಶ್ನೆ ಕೇಳುತ್ತಿಲ್ಲ ಎಂಬುದೇ ಅದರ ಮೂಲ. ಒಬ್ಬರದು ಡಿಸಿ ಅಳತೆ, ಒಬ್ಬರದು ಗಿಗಾಹರ್ಟ್ಸ್. ಸಿದ್ಧಾಂತ ಮಾತಾಡುವುದು ಸೊನ್ನೆ ತಾಪ ಮತ್ತು ಸೊನ್ನೆ ಆವರ್ತನದ ಬಗ್ಗೆ, ಅಲ್ಲಿಗೆ ಯಾರೂ ಹೋಗಲಾರರು. ಇದೇ 6453 ಓಮ್ ತೆಳು ಪದರಗಳಲ್ಲೂ ತಲೆ ಹಾಕುತ್ತದೆ. 1989ರಲ್ಲಿ ಮಿನೆಸೋಟದ ಗೋಲ್ಡ್‌ಮನ್ ಗುಂಪು ಬಿಸ್ಮತ್ತನ್ನು ಅಣುಪದರದ ಲೆಕ್ಕದಲ್ಲಿ ಕೂರಿಸುತ್ತ ಹೋದಾಗ, ಪದರದ ಚೌಕರೋಧ (ಒಂದು ಚೌಕ ತುಂಡಿನ ರೋಧ) ಈ ಅಂಕಿಯ ಸುತ್ತ ಬಂದಲ್ಲಿ ಇನ್ಸುಲೇಟರ್ ಹೋಗಿ ಸೂಪರ್‌ಕಂಡಕ್ಟರ್ ಬಂತು. ಬೇರೆ ವಸ್ತುಗಳಲ್ಲಿ ಅಂಕಿ ಅಷ್ಟು ನಿಖರವಾಗಿ ಕೂರುವುದಿಲ್ಲ.

ತಂತಿ ತರುವ ಗದ್ದಲದ ಲೆಕ್ಕ ಎಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಒಮ್ಮೆ ಕೈಯಾರೆ ಮಾಡಬೇಕಾದದ್ದು. ಕೋಣೆಯ ತಾಪ 300 ಕೆಲ್ವಿನ್. ಪ್ರತಿ ಹರ್ಟ್ಸ್‌ಗೆ ಅದರ ಗದ್ದಲವನ್ನು ಹತ್ತು ಗಿಗಾಹರ್ಟ್ಸ್‌ವರೆಗೆ ಕೂಡಿಸಿದರೆ ಒಂದು ಕೇಬಲಿನಲ್ಲಿ ಇಳಿಯುವುದು ಸುಮಾರು 40 ಪಿಕೊವ್ಯಾಟ್. ವ್ಯಾಟಿನ ಲಕ್ಷಕೋಟಿಯಲ್ಲಿ ನಲವತ್ತು ಭಾಗ, ನಗಬೇಕೆನಿಸುವಷ್ಟು ಚಿಕ್ಕದು. ಆದರೆ 100 ಮೈಕ್ರೊಮೀಟರ್ ಉದ್ದ, 10 ಮೈಕ್ರೊಮೀಟರ್ ಅಗಲ, 20 ನ್ಯಾನೊಮೀಟರ್ ದಪ್ಪದ ಪದರಕ್ಕೆ ಅಷ್ಟೂ ಹೋದರೆ, ಸಾಧಾರಣ ಲೋಹದ ಲೆಕ್ಕದಲ್ಲಿ ಅದರ ಎಲೆಕ್ಟ್ರಾನುಗಳು 0.25 ಕೆಲ್ವಿನ್‌ಗೆ ಏರುತ್ತವೆ. ಪದರವನ್ನು ತಣಿಸುವ ಫ್ರಿಜ್ಜಿನ ಥರ್ಮಾಮೀಟರ್ ಆಗ 0.02 ಎನ್ನುತ್ತಿರುತ್ತದೆ. ಅಷ್ಟು ತಣ್ಣಗಿರುವಾಗ ಎಲೆಕ್ಟ್ರಾನಿನಿಂದ ಹರಳಿನ ಜಾಲರಿಗೆ ಬಿಸಿ ದಾಟುವುದು ತಾಪದ ಐದನೇ ಘಾತದಲ್ಲಿ ಕುಗ್ಗುತ್ತದೆ. ಒಳಗೆ ಬಿದ್ದ ಶಾಖಕ್ಕೆ ಹೊರಗೆ ಹೋಗುವ ಬಾಗಿಲೇ ಇಲ್ಲ.

ಅದಕ್ಕೇ ಕೇಬಲ್ಲಿನ ದಾರಿಯಲ್ಲಿ, ಫ್ರಿಜ್ಜಿನೊಳಗೆ ಕೆಳಕ್ಕೆ ಹೋದಂತೆ ತಣ್ಣಗಾಗುವ ತಟ್ಟೆಗಳ ಮೇಲೆ, ಅಲೆಯನ್ನು ಕುಗ್ಗಿಸುವ ಅಟೆನ್ಯೂಯೇಟರ್ ಕೂರಿಸುವುದು. 4 ಕೆಲ್ವಿನ್ ತಟ್ಟೆಯಲ್ಲಿ 20 ಡೆಸಿಬೆಲ್ ಇಟ್ಟರೆ 300 ಕೆಲ್ವಿನ್‌ನ ಗದ್ದಲ ನೂರನೇ ಒಂದು ಭಾಗಕ್ಕೆ, 3 ಕೆಲ್ವಿನ್‌ಗೆ ಇಳಿಯುತ್ತದೆ. ಆ ಅಟೆನ್ಯೂಯೇಟರ್ ತಾನೇ 4 ಕೆಲ್ವಿನ್‌ನ ಗದ್ದಲ ಸೇರಿಸುತ್ತದೆ, ಒಟ್ಟು 7. ಮುಂದಿನ 20 ಡೆಸಿಬೆಲ್ 0.1 ಕೆಲ್ವಿನ್ ತಟ್ಟೆಯಲ್ಲಿ: 0.07ಕ್ಕೆ 0.1 ಸೇರಿ 0.17. ಕೊನೆಯ 20 ಡೆಸಿಬೆಲ್ 0.01 ಕೆಲ್ವಿನ್‌ನಲ್ಲಿ: 0.0017ಕ್ಕೆ 0.01 ಸೇರಿ ಸುಮಾರು 0.012. ಅರವತ್ತನ್ನೂ ಮೇಲೆ, ಕೋಣೆಯಲ್ಲೇ ಇಟ್ಟರೆ ಏನು ತಪ್ಪು ಎಂದು ಕೇಳುವವರಿದ್ದಾರೆ. ಆಗ ಸಂಕೇತ ಹತ್ತು ಲಕ್ಷ ಪಟ್ಟು ಕುಗ್ಗುತ್ತದೆ, ಅಟೆನ್ಯೂಯೇಟರಿನ ಸ್ವಂತ 300 ಕೆಲ್ವಿನ್ ಗದ್ದಲ ಹಾಗೇ ಕೆಳಗಿಳಿಯುತ್ತದೆ. ಡಿಸಿ ತಂತಿಗಳಿಗೆ ಅಟೆನ್ಯೂಯೇಟರ್ ನಡೆಯದು, ಅಲ್ಲಿ ತಾಮ್ರದ ಪುಡಿ ತುಂಬಿದ ಕೊಳವೆಯಲ್ಲಿ ಉದ್ದನೆಯ ತಂತಿ ಸುರುಳಿ ಸುತ್ತಿ ಹಾಯಿಸುತ್ತಾರೆ. ಪುಡಿಯ ಪ್ರತಿ ಕಣದ ಮೇಲ್ಮೈಯೂ ಗಿಗಾಹರ್ಟ್ಸ್ ಅಲೆಯನ್ನು ಹೀರುತ್ತದೆ, ಡಿಸಿ ಹಾಗೇ ದಾಟುತ್ತದೆ. ನೊಬೆಲ್ ಬಂದ ಪ್ರಯೋಗಗಳಲ್ಲಿ ಕೆಲಸ ಮಾಡಿದ್ದು ಇಂಥವೇ ಫಿಲ್ಟರ್‌ಗಳು.

ಫಿಲ್ಟರ್ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆಯೇ ಇದೆ. ತೆಳು ಪದರಗಳಿಗೆ ಕಾಂತಕ್ಷೇತ್ರ ಕೊಟ್ಟು ತಣಿಸುತ್ತ ಹೋದರೆ ರೋಧ ಇಳಿಯುತ್ತ ಬಂದು, ಸೊನ್ನೆ ಮುಟ್ಟದೆ ಒಂದು ಮಟ್ಟದಲ್ಲಿ ನಿಂತುಬಿಡುವುದನ್ನು ಎಷ್ಟೋ ವರ್ಷ ಹೊಸದೊಂದು ಲೋಹಸ್ಥಿತಿ ಎಂದು ಚರ್ಚಿಸಲಾಗಿತ್ತು. 2019ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಇದಾನ್ ತಮೀರ್, ಡಾನ್ ಶಹಾರ್ ಮತ್ತು ಜೊತೆಗಾರರು ಇಂಡಿಯಂ ಆಕ್ಸೈಡ್ ಹಾಗೂ ನಯೋಬಿಯಂ ಡೈಸೆಲೆನೈಡ್ ಪದರಗಳಲ್ಲಿ ತಂತಿಗೆ ಸರಿಯಾದ ಫಿಲ್ಟರ್ ಹಾಕಿದ ಕೂಡಲೇ ಆ ಸಮತಟ್ಟು ಮಾಯವಾಗುವುದನ್ನು ತೋರಿಸಿದರು. ಎಲ್ಲ ಪದರಗಳ ಕಥೆಯೂ ಇಷ್ಟೇ ಎಂದು ಹೇಳಲಾಗದು. ಆದರೆ ಫಿಲ್ಟರಿನ ವಿವರ ಬರೆಯದ ಹಳೆಯ ಪ್ರಬಂಧಗಳನ್ನೆಲ್ಲ ಅನುಮಾನದಿಂದಲೇ ಓದುವಂತಾಯಿತು.

ಕ್ಯೂಬಿಟ್ ಚಿಪ್ಪುಗಳಿಗೆ ತಂತಿಯ ಜೊತೆಗೆ ಗೋಡೆಯೂ ಶತ್ರು. ಅಲ್ಯೂಮಿನಿಯಂ 1.2 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ. ಅದರ ಎಲೆಕ್ಟ್ರಾನ್ ಜೋಡಿ ಮುರಿಯಲು 88 ಗಿಗಾಹರ್ಟ್ಸ್ ಆವರ್ತನದ ಒಂದು ಫೋಟಾನ್ ಸಾಕು. 4 ಕೆಲ್ವಿನ್‌ನ ಗೋಡೆ ಸೂಸುವ ವಿಕಿರಣದ ಶಿಖರ ಸುಮಾರು 250 ಗಿಗಾಹರ್ಟ್ಸ್‌ನಲ್ಲಿದೆ. ಅಂದರೆ ದ್ರವ ಹೀಲಿಯಮ್ಮಿನಷ್ಟು ತಣ್ಣಗಿನ ಗೋಡೆಯೂ ಈ ಚಿಪ್ಪಿಗೆ ಬೆಂಕಿಯ ಒಲೆ. ಆದ್ದರಿಂದ ಚಿಪ್ಪನ್ನು 0.01 ಕೆಲ್ವಿನ್‌ನ ತಟ್ಟೆಯಲ್ಲೇ ಬೆಳಕು ನುಸುಳದ ಡಬ್ಬಿಯಲ್ಲಿ ಮುಚ್ಚಿ, ಡಬ್ಬಿಯ ಒಳಮೈಗೆ ವಿಕಿರಣ ಹೀರುವ ಕಪ್ಪು ಬಳಿಯುತ್ತಾರೆ.

ಇಲ್ಲಿಯವರೆಗೆ ಹೊರಗಿನ ಅಲೆ ಕೆಡಿಸುವ ಮಾತಾಯಿತು. ಅದು ಸೂಪರ್‌ಕಂಡಕ್ಟರನ್ನು ಬಲಪಡಿಸಬಲ್ಲದು ಕೂಡ. 1966ರಲ್ಲಿ ವಯಟ್ ಮತ್ತು ಜೊತೆಗಾರರು, ಮರುವರ್ಷ ಡೇಯೆಮ್ ಮತ್ತು ವೀಗಾಂಡ್, ಸಣ್ಣ ಸೇತುವೆಯಂಥ ಪದರಗಳಿಗೆ ಮೈಕ್ರೊವೇವ್ ಹಾಯಿಸಿದಾಗ ಅವು ಹೊರುವ ಕರೆಂಟು ಹೆಚ್ಚಿತು. 1970ರಲ್ಲಿ ಎಲಿಯಾಶ್‌ಬರ್ಗ್ ಕಾರಣ ಹೇಳಿದರು. ಜೋಡಿ ಸೇರದೆ ಉಳಿದ ಒಂಟಿ ಎಲೆಕ್ಟ್ರಾನುಗಳು ಶಕ್ತಿಯ ಅಂತರದ (ಜೋಡಿ ಮುರಿಯಲು ಬೇಕಾದ ಶಕ್ತಿಯ) ಅಂಚಿನಲ್ಲೇ ಗುಂಪುಗಟ್ಟಿರುತ್ತವೆ, ಹೊಸ ಜೋಡಿಗಳಿಗೆ ಬೇಕಾದ ಜಾಗವೂ ಅದೇ. ಸಾಗರದ ಮಾರಿಕಾಂಬಾ ಜಾತ್ರೆಯ ದಿನ ಬಸ್ಸಿನ ಬಾಗಿಲಲ್ಲೇ ಜನ ಜೋತುಬಿದ್ದು, ಒಳಗೆ ಸೀಟು ಖಾಲಿಯಿದ್ದರೂ ಯಾರೂ ಹತ್ತಲಾಗದ ಹಾಗೆ. ಮೈಕ್ರೊವೇವ್ ಅವುಗಳನ್ನು ‘ಒಳಗೆ ನಡೀರಿ, ಒಳಗೆ ನಡೀರಿ’ ಎಂದು ಮೇಲಿನ ಶಕ್ತಿಗೆ ದೂಡುತ್ತದೆ. ಬಸ್ಸಿನ ಜನಸಂಖ್ಯೆ ಅಷ್ಟೇ, ಬಾಗಿಲು ಖಾಲಿಯಾಯಿತು, ಜೋಡಿಯ ಬಲ ಹೆಚ್ಚಿತು. ಕಂಡಕ್ಟರ್ ಎಂಬ ಹೆಸರು ಇಲ್ಲಿ ಸರಿಯಾಗಿಯೇ ಕೂತಿದೆ.

ಷರತ್ತುಗಳು ಬಿಗಿ. ಅಲ್ಯೂಮಿನಿಯಮ್ಮಿಗೆ ಆವರ್ತನ 88 ಗಿಗಾಹರ್ಟ್ಸ್‌ಗಿಂತ ಸಾಕಷ್ಟು ಕೆಳಗಿರಬೇಕು, ಇಲ್ಲದಿದ್ದರೆ ಇರುವ ಜೋಡಿಗಳೇ ಮುರಿಯುತ್ತವೆ. ತೀರಾ ಕೆಳಗಾದರೆ ದೂಡಿದವರು ಮತ್ತೆ ಬಾಗಿಲಿಗೆ ಬಂದು ನಿಲ್ಲುವಷ್ಟು ಸಮಯ ಸಿಗುತ್ತದೆ. ಹಾಗಾಗಿ ಕೆಲವು ಗಿಗಾಹರ್ಟ್ಸ್ ಸೂಕ್ತ. ತಾಪ ಕ್ರಾಂತಿ ತಾಪದ ಹತ್ತಿರವಿರಬೇಕು, ಏಕೆಂದರೆ ದೂಡಲು ಒಂಟಿಗಳು ಬೇಕು. ಶಕ್ತಿ ಹೆಚ್ಚಿಸಿದರೆ ಲಾಭವನ್ನು ಬಿಸಿ ನುಂಗುತ್ತದೆ. ಇಷ್ಟೆಲ್ಲ ಮಾಡಿದರೂ ಕ್ರಾಂತಿ ತಾಪದ ಏರಿಕೆ ಸಣ್ಣದು. ನಿಜವಾಗಿ ಅಲೆ ಬಿದ್ದಿದೆಯೇ ಎಂದು ತಿಳಿಯಲು ಶಪಿರೊ ಮೆಟ್ಟಿಲು ನೋಡಬೇಕು. 1963ರಲ್ಲಿ ಕಂಡ ಈ ಪರಿಣಾಮದಲ್ಲಿ ಜೋಡಣೆಯ ಫೇಸ್ ಹೊರಗಿನ ಅಲೆಗೆ ಹೆಜ್ಜೆ ಕೂಡಿಸಿ, ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 10 ಗಿಗಾಹರ್ಟ್ಸ್‌ಗೆ ಪ್ರತಿ ಮೆಟ್ಟಿಲು 20.7 ಮೈಕ್ರೊವೋಲ್ಟ್, ವಸ್ತು ಯಾವುದೇ ಇರಲಿ. ಜಗತ್ತಿನ ವೋಲ್ಟ್ ಮಾನಕ ನಿಂತಿರುವುದು ಇದರ ಮೇಲೆ. ಬೇಡದ ಅಲೆ ನುಗ್ಗಿದ್ದರೂ ಇದೇ ಲೆಕ್ಕ ಪತ್ತೆ ಹಚ್ಚುತ್ತದೆ: 3.7 ಮೈಕ್ರೊವೋಲ್ಟ್ ಅಂತರದ ಮೆಟ್ಟಿಲು ಕಂಡರೆ 1.8 ಗಿಗಾಹರ್ಟ್ಸ್, ಯಾರದೋ ಜೇಬಿನಲ್ಲಿ ಫೋನ್ ಉಳಿದಿರಬಹುದು.

ಲೇಸರಿನ ಸುದ್ದಿಗಳಿಗೆ ಬಂದರೆ ಎಚ್ಚರ ಇನ್ನೂ ಹೆಚ್ಚು ಬೇಕು. 2011ರಿಂದ ಹ್ಯಾಂಬರ್ಗಿನ ಆಂದ್ರೆಯಾ ಕವಲ್ಲೆರಿ ಅವರ ಗುಂಪು ಹರಳಿನ ಕಂಪನಗಳಿಗೆ ಹೊಂದುವ ಇನ್‌ಫ್ರಾರೆಡ್ ಮಿಂಚು ಹಾಯಿಸಿ, ಕ್ರಾಂತಿ ತಾಪಕ್ಕಿಂತ ಬಹಳ ಮೇಲೆ ಸೂಪರ್‌ಕಂಡಕ್ಟರಿನಂಥ ಲಕ್ಷಣ ಕಂಡಿದೆ ಎನ್ನುತ್ತ ಬಂದಿದೆ. 2016ರಲ್ಲಿ ಪೊಟ್ಯಾಸಿಯಂ ಬೆರೆಸಿದ ಫುಲ್ಲರೀನ್‌ನಲ್ಲಿ, ಅಂದರೆ 20 ಕೆಲ್ವಿನ್ ಕ್ರಾಂತಿ ತಾಪದ ಇಂಗಾಲದ ವಸ್ತುವಿನಲ್ಲಿ, 100 ಕೆಲ್ವಿನ್‌ವರೆಗೆ. ಆ ಸ್ಥಿತಿ ಪಿಕೊಸೆಕೆಂಡುಗಳಲ್ಲಿ ಮಿಂಚಿ ಮರೆಯಾಗುತ್ತದೆ, ಮುಂದೆ ನ್ಯಾನೊಸೆಕೆಂಡಿನವರೆಗೂ ಎಳೆದರು. 2023ರಲ್ಲಿ ಡಾಡ್ಜ್ ಮತ್ತು ಜೊತೆಗಾರರ ಆಕ್ಷೇಪ ಬಂತು. ಮಿಂಚು ವಸ್ತುವಿನ ಮೇಲ್ಪದರದಲ್ಲಷ್ಟೇ ಇಳಿಯುತ್ತದೆ, ಅಳೆಯುವ ಬೆಳಕು ಅದಕ್ಕಿಂತ ಆಳಕ್ಕೆ ಹೋಗುತ್ತದೆ. ಆಳದ ಜೊತೆ ಪರಿಣಾಮ ಹೇಗೆ ಕುಗ್ಗುತ್ತದೆಂದು ತಪ್ಪಾಗಿ ಊಹಿಸಿದರೆ ಲೆಕ್ಕವೇ ಸುಳ್ಳು ಸೂಪರ್‌ಕಂಡಕ್ಟರನ್ನು ಹುಟ್ಟಿಸುತ್ತದೆ ಎಂದು. 2024ರಲ್ಲಿ ಹ್ಯಾಂಬರ್ಗ್ ಗುಂಪು ವೈಬಿಸಿಒ ಹರಳಿನ ಪಕ್ಕದಲ್ಲಿ ಕಾಂತಕ್ಷೇತ್ರ ಹೊರಕ್ಕೆ ತಳ್ಳಲ್ಪಡುವುದನ್ನು ಅಳೆದು ಉತ್ತರ ಕೊಟ್ಟಿತು. ರೋಧಕ್ಕಿಂತ ಕಾಂತಕ್ಷೇತ್ರದ ಸಾಕ್ಷಿ ಗಟ್ಟಿ ಎಂಬುದು ಸರಿ. ಆದರೂ ಎಲೆಕ್ಟ್ರಾನುಗಳೂ ಹರಳೂ ಸಮತೋಲ ಕಳೆದುಕೊಂಡ ಆ ಕ್ಷಣದಲ್ಲಿ ತಾಪ ಎಂಬ ಪದಕ್ಕೇ ಅರ್ಥ ತೆಳ್ಳಗಾಗುತ್ತದೆ. ‘ಕೋಣೆಯ ತಾಪದಲ್ಲಿ ಸೂಪರ್‌ಕಂಡಕ್ಟರ್’ ಎಂಬ ತಲೆಬರಹ ನೋಡಿದಾಗ ಎಷ್ಟು ಹೊತ್ತು, ಎಷ್ಟು ಆಳಕ್ಕೆ ಎಂದು ಹುಡುಕಿ ಓದಿ.

ಪರಿಸರದಿಂದ ಲಾಭ ಬೇಕೆಂದರೆ ಲೇಸರಿಗಿಂತ ತಳಪಾಯವೇ ನಂಬಿಗಸ್ತ. ಕಬ್ಬಿಣದ ಸೆಲೆನೈಡ್ ಗಟ್ಟಿಯಾಗಿ ಇದ್ದಾಗ ಕ್ರಾಂತಿ ತಾಪ 8 ಕೆಲ್ವಿನ್. 2012ರಲ್ಲಿ ಚೀನಾದ ಶೂಯೆ ಚಿಕುನ್ ಅವರ ಗುಂಪು ಒಂದೇ ಪದರವನ್ನು ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಬೆಳೆಸಿದಾಗ, 60 ಕೆಲ್ವಿನ್‌ಗೂ ಮೀರಿದ ಕ್ರಾಂತಿ ತಾಪಕ್ಕೆ ಹೊಂದುವಷ್ಟು ದೊಡ್ಡ ಶಕ್ತಿ ಅಂತರ ಕಂಡಿತು. ತಳದಿಂದ ಬಂದ ಎಲೆಕ್ಟ್ರಾನುಗಳದ್ದೇ ಕೆಲಸವೋ, ತಳದ ಕಂಪನಗಳೂ ಕೈಜೋಡಿಸಿವೆಯೋ ಎಂಬ ಚರ್ಚೆ ನಡೆಯುತ್ತಲೇ ಇದೆ.

ಮತ್ತೆ ನಮ್ಮ ಕಪ್ಪು ಬಿಲ್ಲೆಗೆ. ಅದರ ಪರಿಸರದಲ್ಲಿ ಅತಿ ದೊಡ್ಡ ಪಾತ್ರ ಮಲೆನಾಡಿನ ಮಳೆಗಾಲದ್ದು. ಹತ್ತು ಗ್ರಾಂ ಮಿಶ್ರಣಕ್ಕೆ 1.513 ಗ್ರಾಂ ಯಿಟ್ರಿಯಂ ಆಕ್ಸೈಡ್, 5.289 ಗ್ರಾಂ ಬೇರಿಯಂ ಕಾರ್ಬೊನೇಟ್, 3.198 ಗ್ರಾಂ ತಾಮ್ರದ ಆಕ್ಸೈಡ್ ಎಂದು ಎಷ್ಟೇ ನಿಖರವಾಗಿ ತೂಗಿ, 930 ಡಿಗ್ರಿಯಲ್ಲಿ ಸುಟ್ಟು, 450 ಡಿಗ್ರಿಯಲ್ಲಿ ಗಂಟೆಗಟ್ಟಲೆ ಆಮ್ಲಜನಕ ಕುಡಿಸಿದರೂ, ಜುಲೈ ತಿಂಗಳ ತೇವಕ್ಕೆ ಬಿಲ್ಲೆ ಕರಗತೊಡಗುತ್ತದೆ. ನೀರು ಮೊದಲು ಹಿಡಿಯುವುದು ಕಾಳುಗಳ ನಡುವಿನ ಗಡಿಯನ್ನು. ಬೇರಿಯಂ ಹೈಡ್ರಾಕ್ಸೈಡ್ ಆಗಿ ಬಿಳಿ ಹುಡಿ ಕಾಣುತ್ತದೆ. ಕಾಳುಗಳ ಇಳಿತ 91ರಲ್ಲೇ ಉಳಿದು, ಬಾಲ ಮಾತ್ರ ವರ್ಷದಿಂದ ವರ್ಷಕ್ಕೆ ಕೆಳಗಿಳಿದರೆ ಕಾರಣ ಇದೇ. ದ್ರವದಿಂದ ಎತ್ತಿದ ತಣ್ಣನೆ ಬಿಲ್ಲೆಯನ್ನು ಮೇಜಿನ ಮೇಲಿಟ್ಟರೆ ಕ್ಷಣದಲ್ಲಿ ಮಂಜು ಕಟ್ಟಿ, ಕರಗಿ, ನೀರು ಒಳಗಿಳಿಯುತ್ತದೆ. ಎತ್ತಿದ ಕೂಡಲೇ ಸಾರಜನಕದ ಆವಿ ತುಂಬಿದ ಜಿಪ್ ಚೀಲಕ್ಕೆ ಹಾಕಿ, ಬಾಯನ್ನು ಪೂರ್ತಿ ಮುಚ್ಚದೆ ಆವಿಗೆ ಹೊರಹೋಗಲು ದಾರಿ ಬಿಟ್ಟು, ಕೋಣೆಯ ತಾಪಕ್ಕೆ ಬಂದ ಮೇಲೆ ನೀಲಿ ಸಿಲಿಕಾ ಜೆಲ್ ಇರುವ ಡಬ್ಬಿಗೆ ದಾಟಿಸಿ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಒಲೆಯಲ್ಲಿ ಹುರಿದು ಮತ್ತೆ ಬಳಸಬಹುದು, ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಿ. ಡಬ್ಬಿಯ ಮೇಲೆ ಬಿಲ್ಲೆಯ ಕ್ರಾಂತಿ ತಾಪದ ಜೊತೆಗೆ ಅಳೆದ ಕರೆಂಟು, ತಣಿಸುವಾಗಲೋ ಬಿಸಿ ಮಾಡುವಾಗಲೋ, ಸ್ಟೆಬಿಲೈಸರ್ ಎಷ್ಟು ದೂರವಿತ್ತು ಎಂಬುದನ್ನೂ ಬರೆದಿಟ್ಟರೆ ಮುಂದಿನ ವರ್ಷದ ಬ್ಯಾಚು 87 ಎಂದು ಬರೆದಾಗ ಯಾವುದು ಬದಲಾಗಿದೆ ಎಂದು ಹುಡುಕಲು ಬರುತ್ತದೆ.